ಲಿಗ್ನೋಕೇನೋ, ಬುಪಿವಕೇನೋ, ರೋಪಿವಕೇನೋ? ಹೃದಯವನ್ನು ಮುಂದಿಟ್ಟುಕೊಂಡು ಒಂದು ಹೋಲಿಕೆ

ಸ್ಥಳೀಯ ಅರಿವಳಿಕೆ ಔಷಧಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವಾಗ ಹೆಚ್ಚಿನವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಬೇಗ ಹಿಡಿಯುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ. ಬೆರಳಿಗೆ ನಾಲ್ಕು ಹೊಲಿಗೆ ಹಾಕುವ ಮಟ್ಟಿಗೆ ಅಷ್ಟು ಸಾಕು. ತೋಳಿನ ನರಗಳ ಬ್ಲಾಕಿಗೆಂದು (ನರಗಳ ಸುತ್ತ ಔಷಧ ಕೊಟ್ಟು ಇಡೀ ತೋಳನ್ನು ಮರಗಟ್ಟಿಸುವುದು) ಸಿರಿಂಜಿನಲ್ಲಿ 20–25 ಮಿಲಿ ತುಂಬಿಕೊಂಡಾಗ, ಎಪಿಡ್ಯೂರಲ್ ಕ್ಯಾತಿಟರ್ (ಬೆನ್ನುಹುರಿಯ ಪೊರೆಯ ಹೊರಗಿಡುವ ಸಣ್ಣ ಕೊಳವೆ) ಮೂಲಕ ಗಂಟೆಗಟ್ಟಲೆ ಹರಿಸುವಾಗ, ಅಥವಾ ಎದುರಿಗೆ ಮಲಗಿರುವವರ ಹೃದಯ ಮೊದಲೇ ಸೋತಿರುವಾಗ ಬೇರೆ ಪ್ರಶ್ನೆಗಳು ಎದುರಾಗುತ್ತವೆ. ಈ ಔಷಧ ಹೃದಯವನ್ನು ತಲುಪಿದರೆ ಬಡಿತದ ಗತಿಗೆ ಏನಾಗುತ್ತದೆ? ಸಂಕೋಚನದ ಬಲಕ್ಕೆ ಏನಾಗುತ್ತದೆ? ಆದದ್ದು ಎಷ್ಟು ಬೇಗ ಸರಿಹೋಗುತ್ತದೆ? ನನ್ನ ಮಟ್ಟಿಗೆ ಕೊನೆಯದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಈ ಹೋಲಿಕೆಯೆಲ್ಲ ಅದರ ಸುತ್ತಲೇ ಇದೆ.

ಅರಿವಳಿಕೆ, ದಂತ ಚಿಕಿತ್ಸೆ, ತುರ್ತು ಚಿಕಿತ್ಸೆ ವಿಭಾಗಗಳಲ್ಲಿ ಕೆಲಸ ಮಾಡುವವರು, ಕಲಿಯುವವರು ಮನಸ್ಸಿನಲ್ಲಿದ್ದಾರೆ. ಆಪರೇಷನ್‌ಗೆ ಮೊದಲು ಕುತೂಹಲಕ್ಕೆ ಓದುವವರೂ ಓದಬಹುದು. ಇಲ್ಲಿನ ಡೋಸ್ ಲೆಕ್ಕಗಳು ಹೋಲಿಕೆಗೆ ಕೊಟ್ಟವು. ಕೈಯಲ್ಲಿರುವ ಔಷಧದ ಲೇಬಲ್ ಮತ್ತು ಆಸ್ಪತ್ರೆಯ ನಿಯಮಗಳೇ ಅಂತಿಮ.

ಮೊದಲು ದಾರಿ ಯಾವುದೆಂದು ನೋಡಿ

ಒಂದು ಇಂಜೆಕ್ಷನ್ ಹೃದಯವನ್ನು ಮೂರು ದಾರಿಗಳಲ್ಲಿ ತಟ್ಟಬಲ್ಲದು. ಔಷಧ ರಕ್ತಕ್ಕೆ ಸೇರಿ ನೇರವಾಗಿ ಹೃದಯದ ಸ್ನಾಯುವನ್ನೇ ಹಿಡಿಯುವುದು ಒಂದು. ಬೆನ್ನಿನಲ್ಲಿ ಕೊಟ್ಟಾಗ ಹೃದಯಕ್ಕೆ ವೇಗ ಕೊಡುವ ಸಿಂಪಥೆಟಿಕ್ ನರಗಳು ಮರಗಟ್ಟುವುದು ಇನ್ನೊಂದು. ಔಷಧಕ್ಕೆ ಬೆರೆಸಿದ ಅಡ್ರಿನಲಿನ್ ತನ್ನ ಕೆಲಸ ತಾನು ಮಾಡುವುದು ಮೂರನೆಯದು.

ಈ ಮೂರನ್ನೂ ಬೆರೆಸಿಬಿಟ್ಟರೆ ಹೋಲಿಕೆ ಹಾದಿ ತಪ್ಪುತ್ತದೆ. ಸ್ಪೈನಲ್‌ಗೆ (ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಕೊಡುವ ಇಂಜೆಕ್ಷನ್) ಬೇಕಾಗುವ ಬುಪಿವಕೇನ್ 10–15 ಮಿ.ಗ್ರಾಂ. ಅದೇ 60 ಕೆಜಿ ತೂಕದ ವ್ಯಕ್ತಿಗೆ ನರ್ವ್ ಬ್ಲಾಕ್‌ನಲ್ಲಿ 100 ಮಿ.ಗ್ರಾಂ. ದಾಟಬಹುದು. ಮೊದಲನೆಯದರಲ್ಲಿ ಪಲ್ಸ್ 45ಕ್ಕೆ ಇಳಿದರೆ ಅದಕ್ಕೆ ಕಾರಣ ಔಷಧ ಹೃದಯದ ಸ್ನಾಯುವನ್ನು ಹಿಡಿದದ್ದಲ್ಲ, ಅಷ್ಟು ಔಷಧ ಅಲ್ಲಿ ಇಲ್ಲವೇ ಇಲ್ಲ. ಎರಡನೆಯದರಲ್ಲಿ ಇಳಿದರೆ ಮೈಯೆಲ್ಲ ಎಚ್ಚರವಾಗಬೇಕು. ಹಲ್ಲಿನ ಕುರ್ಚಿಯಲ್ಲಿ ಎದೆ ಡವಗುಟ್ಟಿತೆಂದರೆ ಬಹುತೇಕ ಅದು ಅಡ್ರಿನಲಿನ್ ಅಥವಾ ಹೆದರಿಕೆ; ಪಾಪ, ಲಿಗ್ನೋಕೇನ್ ಹೆಸರು ಕೆಡುತ್ತದೆ. ಆ ಒಂದು ಸಲದ ಅನುಭವದಿಂದ ‘ನನಗೆ ಮರಗಟ್ಟಿಸುವ ಇಂಜೆಕ್ಷನ್ ಅಲರ್ಜಿ’ ಎಂದು ಜೀವಮಾನವಿಡೀ ಹೇಳಿಕೊಂಡು ಬರುವವರು ಬಹಳ.

ಗತಿ ಬೇರೆ, ಬಲ ಬೇರೆ

ಸ್ಥಳೀಯ ಅರಿವಳಿಕೆಗಳ ಮೂಲ ಕೆಲಸ ನರದ ಸೋಡಿಯಂ ಚಾನೆಲ್ (ಸಂಕೇತ ಹರಿಯಲು ಸೋಡಿಯಂ ಒಳಬಿಡುವ ಬಾಗಿಲು) ಮುಚ್ಚುವುದು. ಹೃದಯದ ಸ್ನಾಯುವಿನಲ್ಲೂ ಅದೇ ಬಗೆಯ ಸೋಡಿಯಂ ಚಾನೆಲ್‌ಗಳಿವೆ, ಔಷಧಕ್ಕೆ ಎರಡರ ನಡುವೆ ಪಕ್ಷಪಾತವಿಲ್ಲ. ಆದರೆ ಬಡಿತ ಹುಟ್ಟುವ ಸೈನಸ್ ನೋಡ್ ಹೆಚ್ಚಾಗಿ ನೆಚ್ಚಿಕೊಂಡಿರುವುದು ಕ್ಯಾಲ್ಸಿಯಂ ಪ್ರವಾಹವನ್ನು. ಹೀಗಾಗಿ ರಕ್ತದಲ್ಲಿ ಔಷಧದ ಮಟ್ಟ ಏರತೊಡಗಿದಾಗ ಮೊದಲು ಹದಗೆಡುವುದು ಬಡಿತದ ಸಂಖ್ಯೆ ಅಲ್ಲ, ಬಡಿತದ ಸಂಕೇತ ಹೃದಯದೊಳಗೆ ಹರಿಯುವ ವೇಗ. ಇಸಿಜಿಯಲ್ಲಿ ಪಿಆರ್ ಅಂತರ (ಮೇಲ್ಕೋಣೆಯಿಂದ ಕೆಳಕೋಣೆಗೆ ಸಂಕೇತ ತಲುಪುವ ಹೊತ್ತು) ಉದ್ದವಾಗುತ್ತದೆ, ಕ್ಯೂಆರ್‌ಎಸ್ (ಕೆಳಕೋಣೆಗಳಲ್ಲಿ ಸಂಕೇತ ಹರಡುವ ಅಲೆ) ಅಗಲವಾಗುತ್ತದೆ. ಮಾನಿಟರ್‌ನ ಮೂಲೆಯಲ್ಲಿ ಆಗಲೂ 78 ಎಂದು ಹಾಯಾಗಿ ತೋರಿಸುತ್ತಿರಬಹುದು. ಅಂಕಿ ನೋಡಿ ಸುಮ್ಮನಿರುವವರಿಗೂ ಅಲೆಯ ಆಕಾರ ನೋಡುವವರಿಗೂ ಇಲ್ಲೇ ವ್ಯತ್ಯಾಸ. ಮಟ್ಟ ಇನ್ನೂ ಏರಿದ ಮೇಲೆ ಸೈನಸ್ ನೋಡ್ ಕೂಡ ಕುಗ್ಗುತ್ತದೆ. ನಿಧಾನ ಬಡಿತ, ಹೃದಯದೊಳಗಿನ ಸಂಕೇತಕ್ಕೇ ತಡೆ (ಹಾರ್ಟ್ ಬ್ಲಾಕ್), ಕೊನೆಗೆ ನಿಲುಗಡೆ.

ಸಂಕೋಚನದ ಬಲ ಕುಗ್ಗುವುದಕ್ಕೆ ಕಾರಣ ಒಂದಲ್ಲ. ಸೋಡಿಯಂ ಒಳಬರುವುದು ಕಡಿಮೆಯಾದರೆ ಸೋಡಿಯಂ–ಕ್ಯಾಲ್ಸಿಯಂ ವಿನಿಮಯದ ಲೆಕ್ಕ ಬದಲಾಗಿ ಜೀವಕೋಶದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ಹೆಚ್ಚಿನ ಮಟ್ಟದಲ್ಲಿ ಔಷಧ ಕ್ಯಾಲ್ಸಿಯಂ ಚಾನೆಲ್‌ಗಳನ್ನೂ ತಡೆಯುತ್ತದೆ. ಬುಪಿವಕೇನ್‌ನಂತಹ ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಔಷಧಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಜೀವಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯದ ಒಳಗೇ ಕೈ ಹಾಕುತ್ತವೆ. ಆರಾಮದಲ್ಲಿರುವ ಹೃದಯ ತನ್ನ ಶಕ್ತಿಯ ಬಹುಪಾಲನ್ನು ಕೊಬ್ಬಿನ ಆಮ್ಲಗಳಿಂದ ಪಡೆಯುತ್ತದೆ. ಆ ಆಮ್ಲಗಳನ್ನು ಮೈಟೊಕಾಂಡ್ರಿಯದೊಳಕ್ಕೆ ಸಾಗಿಸುವ ಕಾರ್ನಿಟಿನ್ ಸಾಗಣೆಯನ್ನು ಬುಪಿವಕೇನ್ ತಡೆಯುತ್ತದೆ. ಅಂದರೆ ಸಂಕೇತವೂ ನಿಧಾನ, ಇಂಧನವೂ ಇಲ್ಲ. ಬುಪಿವಕೇನ್‌ನಿಂದ ನಿಂತ ಹೃದಯ ಎಷ್ಟು ಒತ್ತಿದರೂ, ಎಷ್ಟು ಅಡ್ರಿನಲಿನ್ ಕೊಟ್ಟರೂ ಮತ್ತೆ ಹಿಡಿತಕ್ಕೆ ಸಿಗದೆ ಸತಾಯಿಸುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ತಿರುವಿದೆ. ಔಷಧ ಮೆದುಳನ್ನು ಮುಟ್ಟಿದಾಗ ಶುರುವಿನಲ್ಲಿ ಉದ್ರೇಕ ಹುಟ್ಟುತ್ತದೆ: ತುಟಿಯ ಸುತ್ತ ಜೋಮು, ನಾಲಿಗೆಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಸದ್ದು, ಚಡಪಡಿಕೆ, ಆಮೇಲೆ ಫಿಟ್ಸ್. ಈ ಹಂತದಲ್ಲಿ ಪಲ್ಸ್ ಮತ್ತು ಬಿಪಿ ಏರಬಹುದು. ಹೃದಯದ ಸ್ನಾಯು ಒಳಗೊಳಗೇ ಬಲ ಕಳೆದುಕೊಳ್ಳುತ್ತಿದ್ದರೂ ಹೊರಗಿನ ಅಂಕಿಗಳು ಚೆನ್ನಾಗೇ ಕಾಣುತ್ತವೆ. ಗತಿ ಏರಿತೆಂದರೆ ಬಲವೂ ಇದೆ ಎಂದು ತಿಳಿಯುವುದು ಇಲ್ಲಿ ಬಹಳ ಅಪಾಯದ ಲೆಕ್ಕ.

ಒಂದು ಬಡಿತದ ಒಳಗೆ ಇಣುಕಿದರೆ

1979ರಲ್ಲಿ ಜಾರ್ಜ್ ಆಲ್‌ಬ್ರೈಟ್ ಎಂಬ ಅರಿವಳಿಕೆ ತಜ್ಞರು ಒಂದು ಸಂಪಾದಕೀಯ ಬರೆದು, ಎಟಿಡೋಕೇನ್ (ಇನ್ನೊಂದು ದೀರ್ಘಾವಧಿ ಸ್ಥಳೀಯ ಅರಿವಳಿಕೆ) ಮತ್ತು ಬುಪಿವಕೇನ್ ಕೊಟ್ಟ ಕೆಲವರಲ್ಲಿ ಹೃದಯ ಒಮ್ಮೆಲೇ ನಿಂತುಹೋಗುತ್ತಿದೆ ಎಂದು ಎಚ್ಚರಿಸಿದರು. ಅಲ್ಲಿಯವರೆಗೆ ನಂಬಿದ್ದು, ಮೊದಲು ಫಿಟ್ಸ್, ಹೃದಯದ ಸರದಿ ಬಹಳ ತಡವಾಗಿ ಎಂದು. ಮುಂದಿನ ಕೆಲ ವರ್ಷಗಳಲ್ಲೇ 0.75% ಬುಪಿವಕೇನ್ ಹೆರಿಗೆಯ ಎಪಿಡ್ಯೂರಲ್‌ನಿಂದ ಹೊರಬಿತ್ತು. ಯಾಕೆ ಹೀಗೆ ಎಂಬುದಕ್ಕೆ ಚೆನ್ನಾಗಿ ಉತ್ತರ ಕೊಟ್ಟದ್ದು 1985ರಲ್ಲಿ ಕ್ಲಾರ್ಕ್‌ಸನ್ ಮತ್ತು ಹೊಂಡೆಗೆಮ್ ಗಿನಿಪಿಗ್ ಹೃದಯದ ಸ್ನಾಯುವಿನ ಮೇಲೆ ಮಾಡಿದ ಪ್ರಯೋಗ.

ಲಿಗ್ನೋಕೇನ್, ಬುಪಿವಕೇನ್ ಎರಡೂ ಪ್ರತಿ ಬಡಿತದಲ್ಲೂ ಸೋಡಿಯಂ ಚಾನೆಲ್‌ಗೆ ಬೇಗನೆ ಒಳಹೋಗಿ ಕೂರುತ್ತವೆ. ವ್ಯತ್ಯಾಸ ಇರುವುದು ಎದ್ದು ಹೋಗುವುದರಲ್ಲಿ. ಲಿಗ್ನೋಕೇನ್ ಬಿಡುಗಡೆಯ ಕಾಲಸ್ಥಿರಾಂಕ (ಹಿಡಿದ ಚಾನೆಲ್‌ಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖಾಲಿಯಾಗಲು ಬೇಕಾದ ಹೊತ್ತು) ಸುಮಾರು 0.15 ಸೆಕೆಂಡ್, ಬುಪಿವಕೇನ್‌ದು ಸುಮಾರು 1.5 ಸೆಕೆಂಡ್, ಹತ್ತು ಪಟ್ಟು. ಈಗ ಪಲ್ಸ್ 75 ಎಂದುಕೊಳ್ಳಿ. ಒಂದು ಬಡಿತಕ್ಕೆ 0.8 ಸೆಕೆಂಡ್, ಅದರಲ್ಲಿ ಹೃದಯ ಸಡಿಲವಾಗಿರುವ ಹೊತ್ತು ಸುಮಾರು ಅರ್ಧ ಸೆಕೆಂಡ್. ಆ ಅರ್ಧ ಸೆಕೆಂಡಿನಲ್ಲಿ ಲಿಗ್ನೋಕೇನ್ ಹಿಡಿದಿದ್ದ ಚಾನೆಲ್‌ಗಳಲ್ಲಿ 95ಕ್ಕಿಂತ ಹೆಚ್ಚು ಶೇಕಡ ಖಾಲಿಯಾಗುತ್ತವೆ. ಮುಂದಿನ ಬಡಿತ ಹೆಚ್ಚುಕಡಿಮೆ ಹೊಸದಾಗಿ ಶುರು. ಬುಪಿವಕೇನ್‌ನಲ್ಲಿ ಬಿಡುಗಡೆಯಾಗುವುದು ಶೇ. 28ರ ಆಸುಪಾಸು. ಉಳಿದದ್ದರ ಮೇಲೆ ಮುಂದಿನ ಬಡಿತದಲ್ಲಿ ಇನ್ನಷ್ಟು ಸೇರಿಕೊಳ್ಳುತ್ತದೆ, ಅದರ ಮೇಲೆ ಮತ್ತಷ್ಟು. ಹೋಗಲೊಲ್ಲದ ನೆಂಟರ ಮನೆಗೆ ದಿನವೂ ಹೊಸ ನೆಂಟರು ಬಂದಂತೆ.

ಪಲ್ಸ್ 120 ಆದರೆ? ಸಡಿಲವಾಗಿರುವ ಹೊತ್ತು ಕಾಲು ಸೆಕೆಂಡಿನಷ್ಟಕ್ಕೆ ಕುಗ್ಗುತ್ತದೆ. ಲಿಗ್ನೋಕೇನ್ ಆಗಲೂ ಶೇ. 80ರಷ್ಟು ಜಾಗ ಬಿಡುತ್ತದೆ. ಬುಪಿವಕೇನ್ ಬಿಡುವುದು ಶೇ. 15ರಷ್ಟು. ಅಂದರೆ ಬಡಿತದ ವೇಗವೇ ಬುಪಿವಕೇನ್‌ನ ವಿಷವನ್ನು ಹೆಚ್ಚಿಸುತ್ತದೆ. ಗತಿಯ ಮೇಲೆ ಔಷಧದ ಪರಿಣಾಮವನ್ನು ಎಲ್ಲರೂ ಓದುತ್ತೇವೆ, ಔಷಧದ ಪರಿಣಾಮದ ಮೇಲೆ ಗತಿಯ ಪ್ರಭಾವವನ್ನು ಓದುವುದು ಅಪರೂಪ. ಬುಪಿವಕೇನ್‌ಗೆ ಅಡ್ರಿನಲಿನ್ ಸೇರಿಸುವ ಮುಂಚೆ ಈ ಲೆಕ್ಕ ತಲೆಯಲ್ಲಿ ಓಡಲಿ. ರೋಗಿ ನೋವಿನಿಂದ, ಹೆದರಿಕೆಯಿಂದ 130ರ ಪಲ್ಸ್‌ನಲ್ಲಿ ಮಲಗಿದ್ದಾರೆ ಎಂದಾಗಲೂ.

ಔಷಧಗಳು, ಒಂದೊಂದಾಗಿ

ಲಿಗ್ನೋಕೇನ್ (ಲಿಡೋಕೇನ್ ಎನ್ನುವುದೂ ಇದನ್ನೇ) 1943ರಲ್ಲಿ ಸ್ವೀಡನ್‌ನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ್ದು. ಹೃದಯದ ವಿಷಯದಲ್ಲಿ ಇದಕ್ಕೆ ವಿಚಿತ್ರ ಸ್ಥಾನ: ಹೃದಯದ ಲಯ ತಪ್ಪಿದಾಗ ಕೊಡುವ ಔಷಧವೂ ಇದೇ. ಕೆಳಕೋಣೆಯಿಂದ ಹುಟ್ಟುವ ಅಪಾಯದ ಬಡಿತಕ್ಕೆ ಕೆಜಿಗೆ 1–1.5 ಮಿ.ಗ್ರಾಂ. ರಕ್ತನಾಳಕ್ಕೇ ಕೊಡುತ್ತಾರೆ. ಮಿಲಿಗೆ 1.5ರಿಂದ 5 ಮೈಕ್ರೋಗ್ರಾಂ ಮಟ್ಟದಲ್ಲಿ ಅದು ಸೈನಸ್ ಗತಿಯನ್ನಾಗಲಿ ಸಂಕೋಚನದ ಬಲವನ್ನಾಗಲಿ ಹೇಳಿಕೊಳ್ಳುವಷ್ಟು ಬದಲಿಸುವುದಿಲ್ಲ. 5 ದಾಟಿದರೆ ಮೆದುಳು ದೂರು ಹೇಳಲು ಶುರು ಮಾಡುತ್ತದೆ. ಹೃದಯ ಕುಸಿಯುವುದು ಇನ್ನೂ ಬಹಳ ಮೇಲೆ. ಈ ಅಂತರವೇ ಲಿಗ್ನೋಕೇನ್‌ನ ದೊಡ್ಡ ಗುಣ. ಕುರಿಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ ಫಿಟ್ಸ್ ತರುವ ಪ್ರಮಾಣಕ್ಕೂ ಹೃದಯ ಕುಸಿಯುವ ಪ್ರಮಾಣಕ್ಕೂ ಲಿಗ್ನೋಕೇನ್‌ನಲ್ಲಿ ಸುಮಾರು 7 ಪಟ್ಟು ಅಂತರ ಕಂಡಿತ್ತು, ಬುಪಿವಕೇನ್‌ನಲ್ಲಿ 4 ಪಟ್ಟಿಗೂ ಸ್ವಲ್ಪ ಕಡಿಮೆ. ಲಿಗ್ನೋಕೇನ್ ಹೆಚ್ಚಾದಾಗ ಹೃದಯದ ಬಲ ಕುಗ್ಗುತ್ತದೆ, ಬಿಪಿ ಬೀಳುತ್ತದೆ; ಆದರೆ ಹೆಚ್ಚಾಗಿ ಉಸಿರಾಟ ನೋಡಿಕೊಂಡು, ಔಷಧ ಕೊಟ್ಟು ಎತ್ತಬಹುದು. ಕೊರತೆ ಎಂದರೆ ಒಂದೆರಡು ಗಂಟೆಯಲ್ಲಿ ಮುಗಿದುಹೋಗುತ್ತದೆ. ಹೃದಯ ಸೋತವರಲ್ಲಿ ಇನ್ನೊಂದು ತೊಡಕು: ಲಿಗ್ನೋಕೇನ್ ಕರಗುವುದು ಲಿವರ್‌ಗೆ ಎಷ್ಟು ರಕ್ತ ಹರಿಯುತ್ತದೆ ಎಂಬುದರ ಮೇಲೆ. ಪಂಪ್ ನಿಧಾನವಾದರೆ, ಪ್ರೊಪ್ರನೊಲಾಲ್ (ಹೃದಯದ ವೇಗ ತಗ್ಗಿಸುವ ಒಂದು ಬೀಟಾ ಬ್ಲಾಕರ್) ತೆಗೆದುಕೊಳ್ಳುತ್ತಿದ್ದರೆ, ಔಷಧ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಒಂದು ಡೋಸಿಗೆ ಇದು ದೊಡ್ಡದಲ್ಲ, ಸತತವಾಗಿ ಹರಿಸುವಾಗ ದೊಡ್ಡದೇ.

ಬುಪಿವಕೇನ್ ಬಗ್ಗೆ ಅರ್ಧ ಹೇಳಿಯಾಯಿತು. 1957ರಲ್ಲಿ ತಯಾರಾದ ಇದನ್ನು ಇಂದಿಗೂ ಬಿಡಲಾಗದೆ ಇಟ್ಟುಕೊಂಡಿರುವುದಕ್ಕೆ ಕಾರಣ ಅದರ ದೀರ್ಘ ಅವಧಿ. ನರ್ವ್ ಬ್ಲಾಕ್‌ನಲ್ಲಿ ಹಲವು ಗಂಟೆ, ಕೆಲವೊಮ್ಮೆ ಅರ್ಧ ದಿನ. ಒಂದು ಅಣುವಿನ ಎಡಗೈ, ಬಲಗೈ ರೂಪಗಳೆರಡೂ ಇದರಲ್ಲಿ ಸಮಸಮ ಬೆರೆತಿವೆ, ಹೃದಯದ ಚಾನೆಲ್ ಅನ್ನು ಗಟ್ಟಿಯಾಗಿ ಹಿಡಿಯುವುದು ಬಲಗೈ ರೂಪ. ಅದನ್ನು ತೆಗೆದು ಎಡಗೈ ರೂಪವನ್ನಷ್ಟೇ ಉಳಿಸಿಕೊಂಡರೆ ಲೀವೋಬುಪಿವಕೇನ್. ಅವಧಿ, ಬಲ ಎರಡೂ ಬುಪಿವಕೇನ್‌ಗೆ ಹತ್ತಿರ, ಹೃದಯದ ಮೇಲಿನ ಒತ್ತಡ ಅದಕ್ಕಿಂತ ಕಡಿಮೆ. ಆರೋಗ್ಯವಂತ ಸ್ವಯಂಸೇವಕರಿಗೆ ರಕ್ತನಾಳದ ಮೂಲಕ ನಿಧಾನವಾಗಿ ಕೊಟ್ಟು ನೋಡಿದಾಗಲೂ ಸಂಕೋಚನದ ಬಲ ಬುಪಿವಕೇನ್‌ನಷ್ಟು ಇಳಿಯಲಿಲ್ಲ.

ರೋಪಿವಕೇನ್ ಮೊದಲಿನಿಂದಲೇ ಎಡಗೈ ರೂಪದಲ್ಲಿ ಬಂದದ್ದು, 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಕೊಬ್ಬಿನಲ್ಲಿ ಕರಗುವ ಗುಣ ಕಡಿಮೆ, ಚಾನೆಲ್ ಬೇಗ ಬಿಡುತ್ತದೆ. ಸಂಕೋಚನವನ್ನು ಕುಗ್ಗಿಸುವ ಕ್ರಮದಲ್ಲಿ ಬುಪಿವಕೇನ್ ಮುಂದೆ, ಆಮೇಲೆ ಲೀವೋಬುಪಿವಕೇನ್, ಆಮೇಲೆ ರೋಪಿವಕೇನ್, ಎಲ್ಲಕ್ಕಿಂತ ಹಿಂದೆ ಲಿಗ್ನೋಕೇನ್. ಇದರ ವಿರುದ್ಧ ಒಂದು ಹಳೆಯ ಆಕ್ಷೇಪವಿದೆ: ರೋಪಿವಕೇನ್‌ನ ಕಸುವೇ ಕಡಿಮೆ, ಅಷ್ಟೇ ಕೆಲಸಕ್ಕೆ ಹೆಚ್ಚು ಮಿಲಿಗ್ರಾಂ ಕೊಡಬೇಕು, ಆಗ ಸುರಕ್ಷತೆಯ ಲಾಭ ಎಲ್ಲಿ ಉಳಿಯಿತು ಎಂದು. ಆಕ್ಷೇಪದಲ್ಲಿ ತಿರುಳಿದೆ, ಹೆರಿಗೆಯ ಎಪಿಡ್ಯೂರಲ್‌ನಂತಹ ತೆಳು ದ್ರಾವಣಗಳಲ್ಲಿ ಅಂತರ ನಿಜಕ್ಕೂ ಕಿರಿದಾಗುತ್ತದೆ. ಆದರೆ ದೊಡ್ಡ ಪ್ರಮಾಣದ ಬ್ಲಾಕ್‌ಗಳಲ್ಲಿ, ಸೂಜಿ ರಕ್ತನಾಳದ ಪಕ್ಕದಲ್ಲೇ ಇರುವಾಗ, ನಿಂತ ಹೃದಯ ಮತ್ತೆ ಶುರುವಾಗುವ ಸಾಧ್ಯತೆಯೇ ಮುಖ್ಯ. ಅಲ್ಲಿ ನನ್ನ ಓಟು ರೋಪಿವಕೇನ್‌ಗೆ. ಅದರಿಂದಲೂ ಹೃದಯ ನಿಂತ ಪ್ರಕರಣಗಳು ವರದಿಯಾಗಿವೆ ಎಂಬುದನ್ನು ಮರೆಯಬಾರದು. ಇದು ಬುಪಿವಕೇನ್‌ಗಿಂತ ಸುರಕ್ಷಿತ ಅಷ್ಟೇ, ನಿರಪಾಯಕಾರಿ ಅಲ್ಲ.

ಕ್ಲೋರೋಪ್ರೋಕೇನ್ ಈ ಗುಂಪಿನಲ್ಲಿ ಬೇರೆಯೇ ಜಾತಿ. ಎಸ್ಟರ್ ವರ್ಗದ್ದಾದ್ದರಿಂದ ರಕ್ತದಲ್ಲಿರುವ ಕಿಣ್ವವೇ ಅದನ್ನು ಒಡೆಯುತ್ತದೆ, ರಕ್ತದಲ್ಲಿ ಅದರ ಅರ್ಧಾಯುಷ್ಯ ಒಂದು ನಿಮಿಷಕ್ಕಿಂತ ಕಡಿಮೆ. ಹೃದಯಕ್ಕೆ ತಲುಪಿದರೂ ತಳವೂರಲು ಹೊತ್ತೇ ಇಲ್ಲ. ತುರ್ತಾಗಿ ಸಿಸೇರಿಯನ್‌ಗೆ ಎಪಿಡ್ಯೂರಲ್ ಗಟ್ಟಿ ಮಾಡಬೇಕಾದಾಗ, ಹೆಚ್ಚು ಪ್ರಮಾಣವನ್ನು ಬೇಗ ಕೊಡಬೇಕಾದಾಗ ಇದಕ್ಕಿಂತ ನಿಶ್ಚಿಂತೆಯದು ಇಲ್ಲ. ಆ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಲ್ಲಿ ಮಾತ್ರ ಲೆಕ್ಕ ಬೇರೆ.

ಮೆಪಿವಕೇನ್, ಆರ್ಟಿಕೇನ್ ಎರಡೂ ಹೃದಯದ ವಿಷಯದಲ್ಲಿ ಲಿಗ್ನೋಕೇನ್‌ನ ಆಸುಪಾಸಿನವು. ಪ್ರಿಲೋಕೇನ್ ಹೃದಯಕ್ಕೆ ಮೃದು, ಆದರೆ 600 ಮಿ.ಗ್ರಾಂ. ಮೀರಿದರೆ ರಕ್ತದ ಹಿಮೋಗ್ಲೋಬಿನ್ ಕೆಟ್ಟು ತುಟಿ ನೀಲಿಗಟ್ಟಬಹುದು. ಕೊಕೇನ್ ಎಲ್ಲಕ್ಕೂ ಅಪವಾದ: 1884ರಲ್ಲಿ ಕಾರ್ಲ್ ಕೊಲ್ಲರ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಬಳಸಿದ ಮೊದಲ ಸ್ಥಳೀಯ ಅರಿವಳಿಕೆ ಇದೇ. ನಾರ್‌ಅಡ್ರಿನಲಿನ್ ಮರಳಿ ಹೀರಿಕೊಳ್ಳದಂತೆ ತಡೆದು ಪಲ್ಸ್, ಬಿಪಿ ಏರಿಸುತ್ತದೆ, ಹೃದಯದ ರಕ್ತನಾಳಗಳನ್ನೇ ಹಿಂಡುತ್ತದೆ. ಮೂಗಿನ ಶಸ್ತ್ರಚಿಕಿತ್ಸೆಯಲ್ಲಿ ಒಂದಿಷ್ಟು ಉಳಿದಿದೆ. ಹೃದ್ರೋಗಿಗೆ ಬೇಡವೇ ಬೇಡ.

ಸ್ಪೈನಲ್ ಎಂದಾದರೆ ಪ್ರಶ್ನೆಯೇ ಬದಲಾಗುತ್ತದೆ

ಸ್ಪೈನಲ್‌ಗೆ ಯಾವ ಔಷಧ ಹೃದಯಕ್ಕೆ ಒಳ್ಳೆಯದು ಎಂದು ಕೇಳುವವರಿಗೆ ನಾನು ಹೇಳುವುದು: ಔಷಧ ಬಿಡಿ, ಎತ್ತರ ನೋಡಿ. ಹೃದಯದ ಗತಿ ಮತ್ತು ಬಲ ಎರಡನ್ನೂ ಏರಿಸುವ ನರಗಳು ಎದೆಯ ಮೊದಲ ನಾಲ್ಕು ಮಟ್ಟಗಳಿಂದ, ಅಂದರೆ ಟಿ1ರಿಂದ ಟಿ4ರಿಂದ ಹೊರಡುತ್ತವೆ. ಸ್ಪಿರಿಟ್ ಹತ್ತಿಯ ತಂಪು ಮೊಲೆತೊಟ್ಟಿನ ಮಟ್ಟದಲ್ಲಿ ಗೊತ್ತಾಗುತ್ತಿಲ್ಲ ಎಂದರೆ ಬ್ಲಾಕ್ ಟಿ4ಕ್ಕೆ ಬಂದಿದೆ. ಸಿಂಪಥೆಟಿಕ್ ಬ್ಲಾಕ್ ಅದಕ್ಕಿಂತ ಒಂದೆರಡು ಮಟ್ಟ ಮೇಲೇ ಇರಬಹುದು. ಕಿರುಬೆರಳು ಜುಮ್ಮೆನ್ನುತ್ತಿದೆ ಎಂದು ರೋಗಿ ಹೇಳಿದರೆ ಅದು ಕುತ್ತಿಗೆಯ ಕೊನೆಯ ನರ. ಹೃದಯದ ವೇಗವರ್ಧಕ ನರಗಳೆಲ್ಲ ಆಗಲೇ ಮಲಗಿವೆ.

ಕಾಲಿನ, ಹೊಟ್ಟೆಯ ರಕ್ತನಾಳಗಳು ಸಡಿಲವಾಗಿ ರಕ್ತ ಕೆಳಗೇ ನಿಲ್ಲುತ್ತದೆ, ಹೃದಯಕ್ಕೆ ಮರಳುವುದು ಕಡಿಮೆಯಾಗುತ್ತದೆ. ಖಾಲಿಯಾಗುತ್ತಿರುವ ಹೃದಯ ಓಡುವ ಬದಲು ನಿಧಾನವಾಗುತ್ತದೆ. ಬೆಜೋಲ್ಡ್–ಯಾರಿಶ್ ಪ್ರತಿವರ್ತನೆ (ಹೃದಯದೊಳಗಿನ ಸಂವೇದಕಗಳು ಪಲ್ಸ್, ಬಿಪಿ ಎರಡನ್ನೂ ಇಳಿಸುವುದು) ಇದರಲ್ಲಿ ಸೇರಿಕೊಳ್ಳುತ್ತದೆ. ಸ್ನಾಯುವಿಗೆ ಔಷಧ ತಗುಲಿಲ್ಲದಿದ್ದರೂ ಪಂಪ್ ನಿಲ್ಲಬಹುದು. ಅಮೆರಿಕದಲ್ಲಿ ಮುಗಿದ ಪರಿಹಾರ ದಾವೆಗಳ ಕಡತಗಳಿಂದ ಸ್ಪೈನಲ್ ವೇಳೆ ಆರೋಗ್ಯವಂತರಲ್ಲಿ ಹೃದಯ ನಿಂತ 14 ಪ್ರಕರಣಗಳನ್ನು 1988ರಲ್ಲಿ ಬಿಡಿಸಿ ನೋಡಿದಾಗ, ಅಡ್ರಿನಲಿನ್ ಕೊಡುವುದು ತಡವಾದದ್ದು ಎದ್ದು ಕಂಡಿತು. ಪಲ್ಸ್ ಮೊದಲೇ 60ಕ್ಕಿಂತ ಕಡಿಮೆ ಇರುವ ಗಟ್ಟಿಮುಟ್ಟಾದ ಯುವಕರು, ಬೀಟಾ ಬ್ಲಾಕರ್ ತೆಗೆದುಕೊಳ್ಳುವವರು ಇದರಲ್ಲಿ ಹೆಚ್ಚು ಅಪಾಯದವರು. ಅಯೋರ್ಟಿಕ್ ಕವಾಟ ಕಿರಿದಾದವರಲ್ಲಂತೂ ಬಿಪಿ ಬಿದ್ದರೆ ಹೃದಯಕ್ಕೇ ರಕ್ತ ಸಿಗದು. ಅಂಥವರಿಗೆ ಒಂದೇ ಹೊಡೆತದ ಸ್ಪೈನಲ್ ಬದಲು, ಹಂತಹಂತವಾಗಿ ಏರಿಸುವ ಎಪಿಡ್ಯೂರಲ್ ಅಥವಾ ಕಾಲಿನ ನರಗಳ ಬ್ಲಾಕ್ ನೋಡುವುದೇ ಸರಿ.

ಬಿಪಿ ಏರಿಸಲು ಫಿನೈಲೆಫ್ರಿನ್ ಕೊಡುವುದು ರೂಢಿ. ಅದು ಬಿಪಿ ಏರಿಸುವಾಗಲೇ ಪಲ್ಸ್ ಇಳಿಸುತ್ತದೆ ಎಂಬುದು ನೆನಪಿರಲಿ. ಪಲ್ಸ್ ಆಗಲೇ 50 ಇದ್ದರೆ ಪಲ್ಸ್ ಏರಿಸುವ ಎಫೆಡ್ರಿನ್ ಅಥವಾ ಅಟ್ರೊಪಿನ್ ಕಡೆ ಕೈ ಹೋಗಬೇಕು. ಅದಕ್ಕೂ ಜಗ್ಗದಿದ್ದರೆ ಅಡ್ರಿನಲಿನ್ ಕೊಡಲು ತಡಮಾಡುವುದು ಬೇಡ.

ಅಡ್ರಿನಲಿನ್: ಬೇಕೋ, ಬೇಡವೋ

ಪರವಾಗಿ ಹೇಳುವುದಾದರೆ: ರಕ್ತನಾಳ ಕುಗ್ಗಿಸಿ ಔಷಧ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ, ಲಿಗ್ನೋಕೇನ್‌ನ ಅವಧಿ ಹೆಚ್ಚಿಸುತ್ತದೆ. ಅದಕ್ಕಿಂತ ಮುಖ್ಯವಾಗಿ ಸೂಜಿ ತಪ್ಪಿದ್ದನ್ನು ಹೇಳಿಕೊಡುತ್ತದೆ. ಎಪಿಡ್ಯೂರಲ್‌ನ ಟೆಸ್ಟ್ ಡೋಸ್ (ಕ್ಯಾತಿಟರ್ ಸರಿಯಾದ ಜಾಗದಲ್ಲಿದೆಯೇ ಎಂದು ನೋಡಲು ಮೊದಲು ಕೊಡುವ ಸಣ್ಣ ಡೋಸ್) ನೋಡಿ: 1.5% ಲಿಗ್ನೋಕೇನ್ 3 ಮಿಲಿ, 2 ಲಕ್ಷಕ್ಕೆ 1ರಂತೆ ಅಡ್ರಿನಲಿನ್. ಲೆಕ್ಕ ಹಾಕಿದರೆ 45 ಮಿ.ಗ್ರಾಂ. ಲಿಗ್ನೋಕೇನ್, 15 ಮೈಕ್ರೋಗ್ರಾಂ ಅಡ್ರಿನಲಿನ್. ಕೊಟ್ಟು ಮಾನಿಟರ್ ಮೇಲೆ ಕಣ್ಣಿಟ್ಟು ಕೂತರೆ, ಕ್ಯಾತಿಟರ್ ರಕ್ತನಾಳದಲ್ಲಿದ್ದಲ್ಲಿ ಒಂದು ನಿಮಿಷದೊಳಗೆ ಪಲ್ಸ್ 72ರಿಂದ 95ಕ್ಕೆ ಜಿಗಿದು, ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. 20ಕ್ಕಿಂತ ಹೆಚ್ಚಿನ ಜಿಗಿತ ಎಂದರೆ ಕ್ಯಾತಿಟರ್ ತಪ್ಪು ಜಾಗದಲ್ಲಿದೆ ಎಂದೇ ತಿಳಿಯಬೇಕು. ಹೆರಿಗೆ ನೋವಿನ ನಡುವೆ ಕೊಟ್ಟರೆ ನೋವಿನ ಜಿಗಿತವೂ ಹಾಗೇ ಕಾಣುತ್ತದೆ, ಅದಕ್ಕೇ ಎರಡು ನೋವುಗಳ ನಡುವಿನ ಬಿಡುವಿನಲ್ಲಿ ಕೊಡುವುದು. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ಪಲ್ಸ್ ಏರದೇ ಇರಬಹುದು. ಅವರಲ್ಲಿ ಮೇಲಿನ ಬಿಪಿ 15 ಅಂಕ ಏರಿತೇ ಎಂದು ನೋಡಬೇಕು.

ವಿರುದ್ಧವಾಗಿ ಹೇಳುವುದಾದರೆ, ಹೃದಯದ ರಕ್ತನಾಳ ಕಿರಿದಾದವರಲ್ಲಿ, ಲಯ ತಪ್ಪುವವರಲ್ಲಿ ಆ ಜಿಗಿತವೇ ತೊಂದರೆ. ದಂತ ಚಿಕಿತ್ಸೆಯಲ್ಲಿ ಹೃದ್ರೋಗಿಗಳಿಗೆ ಹೇಳುವ ಮಿತಿ 0.04 ಮಿ.ಗ್ರಾಂ. ಒಂದು ಲಕ್ಷಕ್ಕೆ 1ರ ದ್ರಾವಣದ 1.8 ಮಿಲಿ ಕಾರ್ಟ್ರಿಜ್‌ನಲ್ಲಿ 18 ಮೈಕ್ರೋಗ್ರಾಂ ಇರುತ್ತದೆ, ಅಂದರೆ ಎರಡು ಕಾರ್ಟ್ರಿಜ್. ಪ್ರೊಪ್ರನೊಲಾಲ್‌ನಂತಹ ಹೃದಯವನ್ನಷ್ಟೇ ಅಲ್ಲದೆ ರಕ್ತನಾಳಗಳ ಬೀಟಾ ಗ್ರಾಹಕಗಳನ್ನೂ ತಡೆಯುವ (ನಾನ್‌ಸೆಲೆಕ್ಟಿವ್) ಬೀಟಾ ಬ್ಲಾಕರ್ ಜೊತೆಗೆ ಅಡ್ರಿನಲಿನ್ ಸೇರಿದರೆ ಬಿಪಿ ಜಿಗಿದು ಪಲ್ಸ್ ಉಲ್ಟಾ ಇಳಿಯಬಹುದು. ಇಂಥವರಿಗೆ ಅಡ್ರಿನಲಿನ್ ಇಲ್ಲದ 3% ಮೆಪಿವಕೇನ್ ಒಳ್ಳೆಯ ಆಯ್ಕೆ. ಆದರೆ ಅಡ್ರಿನಲಿನ್‌ಗೆ ಹೆದರಿ ನೋವೇ ಹೋಗದ ಹಾಗೆ ಹಲ್ಲು ಕಿತ್ತರೆ, ಆ ನೋವಿಗೆ ರೋಗಿಯ ದೇಹವೇ ಸುರಿಸುವ ಅಡ್ರಿನಲಿನ್ ಕಾರ್ಟ್ರಿಜ್‌ನದ್ದನ್ನು ಮೀರಿಸೀತು. ಇದನ್ನು ಹೃದ್ರೋಗಿಗಳ ವಿಷಯದಲ್ಲಿ ಅತಿ ಎಚ್ಚರ ವಹಿಸುವವರು ಮರೆಯುತ್ತಾರೆ.

ಹಾಗಾದರೆ ಯಾವಾಗ ಯಾವುದು

ಗಾಯದ ಹೊಲಿಗೆ, ಸಣ್ಣ ಗಡ್ಡೆ: ಲಿಗ್ನೋಕೇನ್, ಬೇರೆ ಯೋಚನೆಯೇ ಬೇಡ. ಕೈಗೆ ಪಟ್ಟಿ ಬಿಗಿದು ರಕ್ತನಾಳದಲ್ಲಿ ಔಷಧ ತುಂಬುವ ಬಿಯರ್ ಬ್ಲಾಕ್‌ಗೆ 0.5% ಲಿಗ್ನೋಕೇನ್ ಅಥವಾ ಪ್ರಿಲೋಕೇನ್ ಮಾತ್ರ. ಅಲ್ಲಿ ಬುಪಿವಕೇನ್ ನಿಷಿದ್ಧ. ಪಟ್ಟಿ ಸಡಿಲವಾದರೆ ಇಡೀ ಡೋಸ್ ಒಂದೇ ಸಲ ಹೃದಯಕ್ಕೆ. ತೋಳು, ತೊಡೆಯ ದೊಡ್ಡ ಬ್ಲಾಕ್‌ಗಳಿಗೆ, ಪಕ್ಕೆಲುಬುಗಳ ನಡುವಿನ ಬ್ಲಾಕ್‌ಗಳಿಗೆ ರೋಪಿವಕೇನ್ ಅಥವಾ ಲೀವೋಬುಪಿವಕೇನ್. ಪಕ್ಕೆಲುಬಿನ ಬ್ಲಾಕ್ ಬಗ್ಗೆ ಒತ್ತಿ ಹೇಳುವುದು ಯಾಕೆಂದರೆ ಅಲ್ಲಿಂದ ಔಷಧ ರಕ್ತಕ್ಕೆ ಸೇರುವಷ್ಟು ಬೇಗ ತೋಳಿನ, ತೊಡೆಯ ಬ್ಲಾಕ್‌ನಿಂದ ಸೇರುವುದಿಲ್ಲ. ಸ್ಪೈನಲ್‌ಗೆ ಬುಪಿವಕೇನ್ ಹೆವಿ (ಸಕ್ಕರೆ ಬೆರೆಸಿ ಬೆನ್ನಿನ ದ್ರವಕ್ಕಿಂತ ಭಾರವಾಗಿಸಿದ್ದು) ಧಾರಾಳವಾಗಿ ಆಗಬಹುದು. ಗರ್ಭಿಣಿಯರು, ತೀರ ಚಿಕ್ಕ ಮಕ್ಕಳು, ವಯಸ್ಸಾದವರು, ಮೈಯಲ್ಲಿ ಆಮ್ಲ ಹೆಚ್ಚಾದವರು, ಆಮ್ಲಜನಕ ಕಡಿಮೆ ಇರುವವರಲ್ಲಿ ಯಾವ ಔಷಧವಾದರೂ ಮಿತಿಗಿಂತ ಕೆಳಗೇ ನಿಲ್ಲುವುದು ಲೇಸು. ಬ್ರುಗಾಡ ಸಿಂಡ್ರೋಮ್ (ಲಯ ಇದ್ದಕ್ಕಿದ್ದಂತೆ ತಪ್ಪಿಸಬಲ್ಲ ಹೃದಯದ ಆನುವಂಶಿಕ ತೊಂದರೆ) ಇದ್ದರೆ ಬುಪಿವಕೇನ್ ದೊಡ್ಡ ಪ್ರಮಾಣದಲ್ಲಿ ಬೇಡ, ಅದು ಇಸಿಜಿಯಲ್ಲಿ ಅಡಗಿದ್ದ ಲಕ್ಷಣವನ್ನು ಹೊರಗೆಳೆಯಬಲ್ಲದು.

ಮಿತಿಗಳು 60 ಕೆಜಿ ವ್ಯಕ್ತಿಗೆ ಹೀಗಾಗುತ್ತವೆ. ಅಡ್ರಿನಲಿನ್ ಇಲ್ಲದ ಲಿಗ್ನೋಕೇನ್ ಕೆಜಿಗೆ 4.5 ಮಿ.ಗ್ರಾಂ. ಲೆಕ್ಕದಲ್ಲಿ 270 ಮಿ.ಗ್ರಾಂ., ಅಂದರೆ 2% ದ್ರಾವಣದ 13.5 ಮಿಲಿ. ಅಡ್ರಿನಲಿನ್ ಇದ್ದರೆ ಕೆಜಿಗೆ 7 ಮಿ.ಗ್ರಾಂ. ಬುಪಿವಕೇನ್ ಕೆಜಿಗೆ 2 ಮಿ.ಗ್ರಾಂ. ಎಂದರೆ 120 ಮಿ.ಗ್ರಾಂ., 0.5%ದ 24 ಮಿಲಿ. ರೋಪಿವಕೇನ್ ಕೆಜಿಗೆ 3 ಮಿ.ಗ್ರಾಂ. ಎಂದರೆ 180 ಮಿ.ಗ್ರಾಂ., 0.75%ದ 24 ಮಿಲಿ. ಬೇಗ ಹಿಡಿಯಲೆಂದು ಲಿಗ್ನೋಕೇನ್, ಹೆಚ್ಚು ಹೊತ್ತು ಇರಲೆಂದು ಬುಪಿವಕೇನ್ ಬೆರೆಸುವವರು ಎರಡಕ್ಕೂ ಪೂರ್ತಿ ಮಿತಿ ಬಳಸುವಂತಿಲ್ಲ, ವಿಷ ಒಂದಕ್ಕೊಂದು ಕೂಡುತ್ತದೆ. ಲಿಗ್ನೋಕೇನ್‌ನ ಅರ್ಧ ಮಿತಿ ಮುಗಿದಿದ್ದರೆ ಬುಪಿವಕೇನ್‌ನಲ್ಲೂ ಅರ್ಧವೇ ಬಾಕಿ. ಇನ್ನು, ಈ ಮಿತಿಯೊಳಗೇ ಇದ್ದರೂ ಐದೈದು ಮಿಲಿ ಕೊಡುತ್ತಾ, ನಡುನಡುವೆ ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡುತ್ತಾ ಹೋಗುವುದಕ್ಕೆ ಯಾವ ಔಷಧದ ಆಯ್ಕೆಯೂ ಬದಲಿಯಲ್ಲ. ರಕ್ತನಾಳಕ್ಕೆ ನೇರ ಹೋದರೆ ಮಿತಿಯ ಕಾಲು ಭಾಗವೂ ಅಪಾಯಕ್ಕೆ ಸಾಕು.

ಕೆಟ್ಟದ್ದು ಆದರೆ

1998ರಲ್ಲಿ ಗೈ ವೈನ್‌ಬರ್ಗ್ ಮತ್ತು ಸಂಗಡಿಗರು ಇಲಿಗಳಲ್ಲಿ, 2003ರಲ್ಲಿ ನಾಯಿಗಳಲ್ಲಿ ತೋರಿಸಿದ್ದು, ಕೊಬ್ಬಿನ ಹಾಲಿನಂಥ ಲಿಪಿಡ್ ದ್ರಾವಣ ಕೊಟ್ಟರೆ ಬುಪಿವಕೇನ್‌ನಿಂದ ನಿಂತ ಹೃದಯ ಮರಳುತ್ತದೆ ಎಂದು. 2006ರಲ್ಲಿ ಮನುಷ್ಯರಲ್ಲಿ ಮೊದಲ ಯಶಸ್ಸು ವರದಿಯಾಯಿತು. ಆಯ್ಕೆಯ ಮಾತಿಗೆ ಇದು ಯಾಕೆ ಬೇಕು ಎಂದರೆ, 20% ಲಿಪಿಡ್ ಕೈಗೆಟಕುವಲ್ಲಿ ಇಲ್ಲದ ಜಾಗದಲ್ಲಿ ಬುಪಿವಕೇನ್‌ನ ದೊಡ್ಡ ಬ್ಲಾಕ್ ಹಾಕುವುದು ನನಗೆ ಒಪ್ಪಿಗೆಯಾಗದ ಆಯ್ಕೆ.

60 ಕೆಜಿಯವರಿಗೆ ಈ ಲಿಪಿಡ್ ಕೆಜಿಗೆ 1.5 ಮಿಲಿಯಂತೆ 90 ಮಿಲಿ ಎರಡು–ಮೂರು ನಿಮಿಷಗಳಲ್ಲಿ, ಆಮೇಲೆ ನಿಮಿಷಕ್ಕೆ 15 ಮಿಲಿಯಂತೆ ಹರಿವು. ಹೃದಯ ಸುಧಾರಿಸದಿದ್ದರೆ ಮೊದಲ ಡೋಸ್ ಪುನಃ. ಒಟ್ಟು ಕೆಜಿಗೆ 12 ಮಿಲಿ ಮೀರದಂತೆ. ಉಸಿರಾಟ ಮತ್ತು ಆಮ್ಲಜನಕ ಎಲ್ಲಕ್ಕಿಂತ ಮೊದಲು, ಯಾಕೆಂದರೆ ಆಮ್ಲ ಏರಿದಷ್ಟೂ ಔಷಧ ಹೃದಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಫಿಟ್ಸ್‌ಗೆ ಮಿಡಜೊಲಾಮ್‌ನಂಥದ್ದು, ಪ್ರೊಪೊಫಾಲ್ ಸ್ವತಃ ಸಂಕೋಚನ ಕುಗ್ಗಿಸುವುದರಿಂದ ಹೃದಯ ತಡವರಿಸುತ್ತಿರುವಾಗ ಬೇಡ. ಅಡ್ರಿನಲಿನ್ ಇಲ್ಲಿ ಸಾಮಾನ್ಯ ಹೃದಯ ಸ್ತಂಭನದ 1 ಮಿ.ಗ್ರಾಂ. ಅಲ್ಲ, ಕೆಜಿಗೆ 1 ಮೈಕ್ರೋಗ್ರಾಂ ಒಳಗೆ. ವಾಸೊಪ್ರೆಸಿನ್, ಬೀಟಾ ಬ್ಲಾಕರ್, ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳು ಬೇಡ. ಲಯ ತಪ್ಪಿತೆಂದು ಅಭ್ಯಾಸಬಲದಿಂದ ಲಿಗ್ನೋಕೇನ್ ಕೊಡುವುದಂತೂ ಸಲ್ಲದು, ಅದು ಅದೇ ಚಾನೆಲ್‌ಗೆ ಇನ್ನೊಂದು ಬೀಗ, ಅಮಿಯೊಡರೋನ್ ಆಗಬಹುದು. ಎದೆ ಒತ್ತುವುದನ್ನು ಸಾಮಾನ್ಯ ಪ್ರಕರಣಗಳಿಗಿಂತ ಬಹಳ ಹೊತ್ತು ಮುಂದುವರಿಸಬೇಕಾಗಬಹುದು, ಬುಪಿವಕೇನ್ ಆಗಿದ್ದರೆ ಗಂಟೆ ದಾಟಿದರೂ ಕೈಬಿಡುವಂತಿಲ್ಲ. ಹೃದಯಕ್ಕೆ ತೊಂದರೆಯಾಗಿ ಸುಧಾರಿಸಿಕೊಂಡವರನ್ನು 4ರಿಂದ 6 ಗಂಟೆ ಮಾನಿಟರ್‌ನಲ್ಲೇ ಇಟ್ಟುಕೊಳ್ಳಬೇಕು. ಲಿಪಿಡ್‌ನ ಪ್ರಭಾವ ಇಳಿದ ಮೇಲೆ ಸ್ನಾಯುಗಳಿಂದ ಔಷಧ ಮತ್ತೆ ರಕ್ತಕ್ಕೆ ಮರಳಿ ಹೃದಯ ಎರಡನೇ ಬಾರಿ ಕುಸಿಯುವುದುಂಟು.